ನಾಲ್ಕು ಬೆರಳಷ್ಟು ಸಡಿಲ

"ನಾಲ್ಕು ಬೆರಳು ಸಲೀಸಾಗಿ ಹೋಗುತ್ತೆ ಭಾವ, ನೋಡಿ" ಎಂದು ತಮ್ಮನ ಹೆಂಡತಿ ಆನೆ ವೇಷದ ಸೊಂಟದೊಳಗೆ ಕೈ ತೂರಿಸಿ ತೋರಿಸಿದಾಗ ಆ ಅಳತೆ ಕೇಳಿಯೇ ಅವನು ಬೆಚ್ಚಿದ. ಅವಳಿಗೇನು ಗೊತ್ತು ಪಾಪ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಲಾಯರ ಅಳತೆಗೆ ಹೊಲಿದಿದ್ದ ಬಿಳಿ ನಿಲುವಂಗಿಯನ್ನು ಇವನ ಒಣಕಲು ಮೈಗೆ ಒಪ್ಪಿಸುವುದು ಹೇಗೆಂದು ಬೆಳಗ್ಗೆ ಬೆಳಗ್ಗೆಯೇ ಅವನ ಸುತ್ತ ಸುತ್ತುತ್ತಿದ್ದಳು. ಲಾಯರದ್ದು ಭರ್ಜರಿ ದೇಹ, ಭರ್ಜರಿ ನಗು; ಅವರು ತೊಟ್ಟಿದ್ದರೆ ಆನೆ ಆನೆಯ ಹಾಗೇ ಕಾಣುತ್ತಿತ್ತು. ಇವನ ಮೇಲೆ ಅದು ಒಣಹಾಕಿದ ಹಾಸಿಗೆ ಹೊದಿಕೆಯ ಹಾಗೆ ಜೋತುಬಿದ್ದಿತ್ತು. ಪತ್ರಿಕೆಯ ಹಿಂದಿನಿಂದಲೇ ತಮ್ಮ, "ಕುದುರೆ ಮೇಲೆ ಆನೆ ಕೂರುತ್ತಂತೆ. ಆ ಕುದುರೆ ಪಾಡು ಕೇಳೋರು ಯಾರು?" ಎಂದ. "ನೀವು ಸುಮ್ನಿರ್ರೀ. ಭಾವ ನಾಲ್ಕು ವರ್ಷದಿಂದ ಕಾದಿದ್ದಾರೆ. ಅಂತೂ ನಿಮ್ಮ ಅದೃಷ್ಟ ಖುಲಾಯಿಸ್ತು ಭಾವ, ಲಾಯರು ಬಿದ್ದಿದ್ದೇ ಒಳ್ಳೇದಾಯ್ತು" ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡು, "ಛೆ, ಹಾಗಲ್ಲ ನಾನಂದಿದ್ದು" ಎಂದಳು. ಅವನು ನಕ್ಕ. ಯಾರು ಏನೇ ಅಂದರೂ ನಕ್ಕುಬಿಡುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಅಲ್ಲಾಡಬೇಡಿ ಎಂದು ಗದರಿಸಿಕೊಂಡು ಸುಮ್ಮನೆ ನಿಂತ.

ಊರಾಚೆಯ ಸವಾರಿ ಶಾಲೆಯ ತಂಡವೆಂದರೆ ಅದೇನು ಕುದುರೆ ಪಡೆಯಲ್ಲ. ಹಗಲೆಲ್ಲ ಹಲ್ಲು ಕೀಳುವವರು, ಲೆಕ್ಕ ಹೇಳಿಕೊಡುವವರು, ಕೋರ್ಟಿನಲ್ಲಿ ಗಂಟಲು ಹರಿದುಕೊಳ್ಳುವವರು ಸಂಜೆಗೆ ಬೂಟು ಏರಿಸಿಕೊಂಡು ಬಂದು ಸವಾರರಾಗಿಬಿಡುತ್ತಿದ್ದರು. ವರ್ಷಕ್ಕೊಮ್ಮೆ ವೇಷ ತೊಟ್ಟು, ಜನರ ಮುಂದೆ ಬ್ಯಾಂಡಿನ ತಾಳಕ್ಕೆ ಎಂಟು ಕುದುರೆಗಳನ್ನು ಕುಣಿಸುವುದು ಅವರ ಜೀವನದ ದೊಡ್ಡ ಸಂಭ್ರಮ. ಪೊಲೀಸ್ ಕುದುರೆ ದಳದಿಂದ ನಿವೃತ್ತರಾದ ಮಾಸ್ತರು ಈ ಸಲ ಚದುರಂಗ ಎಂದಿದ್ದರು. ಇಬ್ಬರು ರಾಜರು, ಇಬ್ಬರು ಮಂತ್ರಿಗಳು, ಎರಡು ಒಂಟೆ, ಎರಡು ಆನೆ. ಕುದುರೆಯ ವೇಷ ಯಾರಿಗೂ ಇಲ್ಲ, ಕೆಳಗೆ ನಿಜವಾದದ್ದೇ ಇತ್ತಲ್ಲ. ಆನೆಗಳು ಜೋಡಿ: ಒಂದು ಲಾಯರು, ಇನ್ನೊಂದು ಗಣಿತದ ಟೀಚರು. ಅವನು ಒಂಬತ್ತನೆಯವನು. ಒಬ್ಬರಿಗೆ ಜ್ವರ ಬಂದರೆ, ಇನ್ನೊಬ್ಬರ ಮನೆಯಲ್ಲಿ ಮದುವೆಯಿದ್ದರೆ, ಅಭ್ಯಾಸದ ದಿನ ಅವರ ಜಾಗದಲ್ಲಿ ಇವನು. ಎಂಟೂ ಜಾಗದ ಎಣಿಕೆ, ತಿರುವು, ಎಲ್ಲ ಬಾಯಿಪಾಠ. ಪ್ರದರ್ಶನದ ದಿನ ಮಾತ್ರ ಯಾರಿಗೂ ಜ್ವರ ಬರುತ್ತಿರಲಿಲ್ಲ. ಮೈದಾನದ ಸುತ್ತ ಕಟ್ಟಿದ ಹಗ್ಗದ ಆಚೆ ಎಂಟು ಜನರ ಕೋಟು, ಎಂಟು ಜನರ ಬೀಗದ ಕೈ ಹಿಡಿದುಕೊಂಡು ನಿಂತು ಬಾಯಲ್ಲೇ ಒಂದು ಎರಡು ಎಂದು ಎಣಿಸುತ್ತಿದ್ದ. ಶಾಲೆಯ ಗೋಡೆಯ ಮೇಲಿನ ನಾಲ್ಕು ವರ್ಷದ ನಾಲ್ಕು ಫೋಟೋಗಳಲ್ಲಿ ಒಂದರಲ್ಲೂ ಅವನಿಲ್ಲ. ನಾಲ್ಕನ್ನೂ ತೆಗೆದವನು ಅವನೇ. ಅವನಿಗೆ 'ಸ್ಟೆಪ್ನಿ' ಎಂದು ಹೆಸರಿಟ್ಟವರು ಲಾಯರು. ಹೆಸರು ಎಷ್ಟು ಚೆನ್ನಾಗಿ ಅಂಟಿಕೊಂಡಿತೆಂದರೆ ಹಾಜರಿ ಪುಸ್ತಕದಲ್ಲಿ ಮಾಸ್ತರೂ ಹಾಗೇ ಬರೆಯುತ್ತಿದ್ದರು. ನಾಳೆ ಪ್ರದರ್ಶನ. ನಾಳೆ ಮೊದಲ ಸಲ ಅವನು ಹಗ್ಗದ ಈಚೆ ಇರುತ್ತಾನೆ.

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಕೆಲಸ. ಮುಂದೆ ಯಜಮಾನರು ಗಿರಾಕಿಗಳ ಮೂಗಿನ ಮೇಲೆ ಚೌಕಟ್ಟು ಇಟ್ಟು, ನಿಮಗೆ ಇದೇ ಒಪ್ಪುವುದು ಎನ್ನುತ್ತಾರೆ. ಹಿಂದೆ ಇವನು ನೀರು ತೊಟ್ಟಿಕ್ಕುವ ಕಲ್ಲಿಗೆ ಗಾಜು ಹಿಡಿದು ಅಂಚು ತೇಯುತ್ತಾನೆ. ಇಪ್ಪತ್ತಮೂರು ವರ್ಷದಿಂದ ಊರವರ ಕಣ್ಣುಗಳೆಲ್ಲ ಅವನಿಗೆ ಗೊತ್ತು, ಒಂದು ಜೊತೆ ಕಣ್ಣಿಗೂ ಅವನು ಗೊತ್ತಿಲ್ಲ. ಇವತ್ತು ಮೊದಲ ಗಾಜನ್ನು ಎತ್ತಿ ಬೆಳಕಿಗೆ ಹಿಡಿದ. ನಡುವಿನ ಚುಕ್ಕೆ ಅರ್ಧ ಮಿಲಿಮೀಟರು ಆಚೆ ಹೋದರೆ ತೊಟ್ಟವರಿಗೆ ತಲೆನೋವು ತಪ್ಪಿದ್ದಲ್ಲ, ಅದಕ್ಕೇ ಅವನ ಕೈ ಅರ್ಧ ಮಿಲಿಮೀಟರನ್ನೂ ಮರೆಯುವುದಿಲ್ಲ. ಅಲ್ಲೇ ಬಂತು ನೋಡಿ ತಾಪತ್ರಯ. ಮರೆತೆ ಎನ್ನಲು ಬೇರೆಯವರ ಕೈ ಬೇಕಾಗಿತ್ತು. ಲಾಯರು ಬಿದ್ದಂದಿನಿಂದ, ಹನ್ನೆರಡು ದಿನದಿಂದ, ಅವನು ಬೆಳಗ್ಗೆ ಏಳುವಾಗ ಮರೆತೆ ಎಂದುಕೊಳ್ಳುತ್ತಾನೆ, ಹಲ್ಲುಜ್ಜುವಾಗ ಗಡಿಬಿಡಿ ಇತ್ತು ಎಂದುಕೊಳ್ಳುತ್ತಾನೆ, ಈ ಕಲ್ಲಿನ ಮುಂದೆ ಕೂತ ಕೂಡಲೇ ಕೈ ತನ್ನಷ್ಟಕ್ಕೆ ಹೇಳಿಬಿಡುತ್ತದೆ, ನಾಲ್ಕು ಬೆರಳು ಹೋಗಿತ್ತು, ನನಗೆ ಗೊತ್ತಿತ್ತು ಎಂದು.

ಲಾಯರು ಏರುವ ಕುದುರೆಗೆ ಸಾಹೇಬ ಎಂದು ಹೆಸರು, ಬುದ್ಧಿಯೂ ಹಾಗೇ. ಜೀನು ಹೇರಿ ಹೊಟ್ಟೆಪಟ್ಟಿ ಬಿಗಿಯುವಾಗ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸಿ ನಿಲ್ಲುತ್ತಾನೆ. ಬಿಗಿದವರು ಬಿಗಿಯಿತು ಎಂದುಕೊಂಡು ಅತ್ತ ಹೋದದ್ದೇ ತಡ, ಉಸಿರು ಬಿಟ್ಟು ಆರಾಮಾಗುತ್ತಾನೆ. ಅದಕ್ಕೇ ಶಾಲೆಯಲ್ಲೊಂದು ಪದ್ಧತಿ. ಎಲ್ಲರೂ ಹತ್ತಿ ಮೈದಾನವನ್ನು ಎರಡು ಸುತ್ತು ಹಾಕಿ ಸಾಲಾಗಿ ನಿಂತ ಮೇಲೆ ಬದಲಿಯವನು ಒಂದೊಂದು ಕುದುರೆಯ ಬಳಿಗೂ ಹೋಗಿ, ಪಟ್ಟಿಯಡಿಗೆ ಬೆರಳು ತೂರಿಸಿ ನೋಡಿ, ಇನ್ನೊಂದೆರಡು ತೂತು ಬಿಗಿಯಬೇಕು. ಸವಾರರು ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಕಾಲನ್ನು ಮುಂದಕ್ಕೆ ಎತ್ತುತ್ತಾರೆ. ಇವನು ಆ ಕಾಲಿನ ಕೆಳಗೆ ತಲೆ ತಗ್ಗಿಸುತ್ತಾನೆ. ಕಸ ಗುಡಿಸುವವರು ಬಂದರೆ ಮನೆಯವರು ಕುರ್ಚಿಯ ಮೇಲೆ ಕಾಲೆತ್ತಿಕೊಳ್ಳುವ ಹಾಗೆ. ನಾಲ್ಕು ವರ್ಷದಲ್ಲಿ ಎಷ್ಟು ಕಾಲಾಗಿರಬಹುದು, ಅವನು ಎಣಿಸಿಲ್ಲ. ಆ ದಿನ ಅಭ್ಯಾಸಕ್ಕೆ ಮುಂಚೆ ಅವನು ಧೈರ್ಯಮಾಡಿ ಮಾಸ್ತರನ್ನು ಕೇಳಿದ್ದ, ಈ ಸಲ ಕೊನೆಯ ಸಲಾಮಿಗಾದರೂ ತನ್ನನ್ನೊಂದು ಕುದುರೆಯ ಮೇಲೆ ನಿಲ್ಲಿಸಬಹುದೇ ಎಂದು. ನೋಡೋಣ ಎಂದಿದ್ದರು ಮಾಸ್ತರು. ಅಷ್ಟು ಸಣ್ಣ ಧ್ವನಿಯಲ್ಲಿ ಕೇಳಿದ್ದರೂ ಅದು ಹೇಗೋ ಲಾಯರ ಕಿವಿಗೆ ಬಿದ್ದಿತ್ತು. ಅವನು ಸಾಹೇಬನ ಹೊಟ್ಟೆಯ ಬಳಿ ಬಗ್ಗಿ ಕೈ ತೂರಿಸಿದ್ದಾಗ ಲಾಯರು ಮೇಲಿನಿಂದ ಪಕ್ಕದ ಟೀಚರಿಗೆ, "ಸ್ಟೆಪ್ನಿ ಡಿಕ್ಕಿಯಲ್ಲೇ ಇರಬೇಕು ಕಣ್ರೀ. ಈಚೆ ಬಂತು ಅಂದ್ರೆ ಗಾಡಿ ಪಂಕ್ಚರ್ ಅಂತ ಅರ್ಥ" ಎಂದರು. ಸಾಲಿಗೆ ಸಾಲೇ ನಕ್ಕಿತು. ಟೀಚರು ನಕ್ಕರು. ಅವನೂ ನಕ್ಕ. ನಗುತ್ತ ನಗುತ್ತಲೇ ಬೆರಳುಗಳನ್ನು ಈಚೆ ತೆಗೆದು, ಸಾಹೇಬನ ಹೊಟ್ಟೆ ತಟ್ಟಿ, "ಆಯ್ತು ಸಾರ್" ಎಂದ.

ಅರ್ಧ ಗಂಟೆಗೆಲ್ಲ ಲಾಯರು ನೆಲದ ಮೇಲಿದ್ದರು. ಜೀನು ಹೊಟ್ಟೆಯ ಕೆಳಗೆ ತಿರುಗಿಹೋಗಿತ್ತು. ಅಷ್ಟು ದೊಡ್ಡ ಮನುಷ್ಯ ಚಿಕ್ಕ ಮಗುವಿನ ಹಾಗೆ ಅಮ್ಮಾ ಎಂದದ್ದು ಅವನಿಗೆ ಈಗಲೂ ಕಲ್ಲಿನ ಸದ್ದಿನೊಳಗೆ ಕೇಳಿಸುತ್ತದೆ. ಭುಜದ ಮೂಳೆ ಮುರಿದಿತ್ತು. ಎಲ್ಲರೂ ಅವರ ಕಡೆ ಓಡಿದರು. ಅವನೂ ಓಡಿದ, ಓಡುತ್ತ ಓಡುತ್ತಲೇ ಅವನ ತಲೆಯೊಳಗೆ ಯಾರೋ ಸ್ಪಷ್ಟವಾಗಿ, ಈಗ ಏಳೇ ಜನ, ಎಂದರು. ಆ ಮಾತಿಗೆ ಅವನು ತನ್ನನ್ನು ಕ್ಷಮಿಸಿಕೊಂಡಿಲ್ಲ. ಗಾಜು ಕೈಯಲ್ಲಿ ಕಿರ್ರೆಂದಿತು. ನೋಡಿದರೆ ಅಂಚು ಸೀಳು ಬಿಟ್ಟಿತ್ತು. ಯಜಮಾನರು ಒಳಗೆ ಇಣುಕಿ, "ಏನ್ರೀ ಇದು, ಕೈ ಎಲ್ಲೋ ತಲೆ ಎಲ್ಲೋ? ನಾಳೆ ಕುದುರೆ ಕುಣಿಸ್ತೀರಂತೆ, ಇವತ್ತು ನನ್ನ ಗಾಜು ಕುಣಿಸಬೇಡಿ" ಎಂದರು. ಅವನು ಮಧ್ಯಾಹ್ನದ ಬಿಡುವಿನಲ್ಲಿ ಒಂದು ಗಂಟೆ ಹೊರಗೆ ಹೋಗಿಬರುತ್ತೇನೆ ಎಂದ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಕೇಳಿದ್ದರಿಂದಲೋ ಏನೋ ಅವರು ಬೇಡವೆನ್ನಲಿಲ್ಲ.

ಲಾಯರ ಕಚೇರಿಯ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹೇಳಿಬಿಟ್ಟರೆ ನಾಳೆ ಜಾಗ ಇರುವುದಿಲ್ಲ, ನಾಳೆಯಿರಲಿ, ಶಾಲೆಯ ಬಾಗಿಲಿಗೂ ಸೇರಿಸಲಾರರು. ಸಂಜೆ ಐದರಿಂದ ಏಳರವರೆಗೆ ಮತ್ತೆ ಮಹಡಿಯ ಕೋಣೆ, ಕಿಟಕಿ, ಕೆಳಗೆ ತಮ್ಮನ ಮನೆಯವರು ನಗುವುದು ಕೇಳಿಸಿದರೆ ಏನಕ್ಕೆ ನಕ್ಕರೋ ಎಂದು ಊಹಿಸುತ್ತ ಕೂರುವುದು. ಊಟದ ಹೊತ್ತಿಗೆ ಕರೆಯುತ್ತಾರೆ, ಪ್ರೀತಿಯಿಂದಲೇ ಕರೆಯುತ್ತಾರೆ. ಅವನು ಇಳಿದು ಬಂದಾಗ ಮಾತು ಅರ್ಧಕ್ಕೆ ನಿಂತು, ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಜಾಗ ಮಾಡುತ್ತಾರೆ. ಆ ಸರಿಯುವುದೇ ಅವನಿಗೆ ಆಗಿಬರುವುದಿಲ್ಲ. ಕುದುರೆಗಳಾದರೆ ಹಾಗಲ್ಲ. ಇವನ ಹೆಜ್ಜೆ ಸದ್ದಿಗೇ ಎಂಟೂ ಕತ್ತು ಲಾಯದ ಅರೆಬಾಗಿಲ ಮೇಲೆ ಬರುತ್ತವೆ. ಅಷ್ಟನ್ನೂ ಕಳೆದುಕೊಳ್ಳಲು ಹೊರಟಿದ್ದೇನಲ್ಲ ಎನಿಸಿ ಕಾಲು ಎರಡು ಸಲ ನಿಂತಿತು.

"ಬನ್ನಿ ಬನ್ನಿ ಸ್ಟೆಪ್ನಿ! ನನ್ನ ಆನೆ ಹೇಗಿದೆ?" ಲಾಯರು ಫೈಲುಗಳ ರಾಶಿಯ ಹಿಂದೆ, ಬಲಗೈಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದರು. ಎಡಗೈಯಲ್ಲಿ ಸಹಿ ಹಾಕುವುದನ್ನು ಕಲಿಯುತ್ತಿದ್ದರೋ ಏನೋ, ಮುಂದಿದ್ದ ಹಾಳೆಯ ತುಂಬ ಸೊಟ್ಟ ಸೊಟ್ಟ ಸಹಿಗಳು. ಅವನು ಕೂರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಗಿ ಬರಿಯ ವಿಷಯ ಉಳಿದಿತ್ತು.

"ಸಾರ್, ಅವತ್ತು ನಾನು ಪಟ್ಟಿ ಬಿಗಿ ಮಾಡಲಿಲ್ಲ."

"ಯಾವ ಪಟ್ಟಿ?"

"ಸಾಹೇಬನ ಹೊಟ್ಟೆಪಟ್ಟಿ. ಕೈ ಹಾಕಿ ನೋಡ್ದೆ, ನಾಲ್ಕು ಬೆರಳು ಸಡಿಲ ಇತ್ತು. ಆದರೂ ಆಯ್ತು ಅಂದುಬಿಟ್ಟೆ."

ಲಾಯರು ಕನ್ನಡಕ ಮೇಲೆ ಸರಿಸಿ ಅವನನ್ನು ನೋಡಿದರು. ಆ ಕನ್ನಡಕದ ಗಾಜೂ ಇವನೇ ತೇಯ್ದದ್ದು. "ಅಂದ್ರೆ, ಬೇಕು ಅಂತಲೇ ಬಿಟ್ರಿ ಅಂತೀರಾ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ಇಲ್ಲ ಅಂತ. ಕೇಸು ಅಲ್ಲಿಗೇ ಬಿತ್ತು." ಅವರು ನಗಲು ಹೋಗಿ ಭುಜ ಹಿಡಿದುಕೊಂಡರು. "ಅಯ್ಯೋ ನಗಿಸಬೇಡ್ರೀ ಮಾರಾಯ್ರೇ, ಮೂಳೆ ನೋಯುತ್ತೆ. ಇಪ್ಪತ್ತೆಂಟು ವರ್ಷ ಕೋರ್ಟಲ್ಲಿ ಎಂಥೆಂಥ ಮುಖ ನೋಡಿದ್ದೀನಿ. ನಿಮ್ಮದು ಆ ಮುಖ ಅಲ್ಲ. ಇರುವೆ ತುಳಿದರೂ ನಿದ್ದೆಗೆಡೋ ಜಾತಿ ನೀವು. ನನ್ನ ಜಾಗ ಸಿಕ್ತಲ್ಲ ಅಂತ ಸಂಕೋಚ, ಅಷ್ಟೇ. ಅದನ್ನ ತಲೆಯಿಂದ ತೆಗೆದುಹಾಕಿ."

"ಇಲ್ಲ ಸಾರ್, ನಿಜವಾಗ್ಲೂ—"

"ಕೂತ್ಕೊಳ್ಳಿ, ಕಾಫಿ ಕುಡೀರಿ." ಹಾಗೆನ್ನುತ್ತಲೇ ಅವರು ಫೋನು ಎತ್ತಿಕೊಂಡರು. ಕಾಫಿ ಬಂತು, ಕುಡಿದ. ಬಾಗಿಲು ದಾಟುವಾಗ ಲಾಯರು ಗುಮಾಸ್ತನಿಗೆ, "ಎಂಥ ಸಾಧು ಪ್ರಾಣಿ ನೋಡ್ರೀ, ನಾನು ಬಿದ್ದಿದ್ದಕ್ಕೂ ತಾನೇ ಕಾರಣ ಅಂತಾನೆ" ಎನ್ನುವುದು ಕೇಳಿಸಿತು. ಅದರಲ್ಲಿ ಕುಹಕವಿರಲಿಲ್ಲ, ಅಕ್ಕರೆಯೇ ಇತ್ತು. ಬೈದಿದ್ದರೆ ವಾಸಿಯಾಗಿತ್ತು. ಕೆನ್ನೆಗೆ ಎರಡು ಬಿಟ್ಟಿದ್ದರೆ ಇನ್ನೂ ವಾಸಿ. ಒಬ್ಬ ಮನುಷ್ಯನ ಮೂಳೆ ಮುರಿದು ಎದುರಿಗೆ ನಿಂತು ಹೇಳಿಕೊಂಡರೂ ನಂಬಿಸಲಾಗದಷ್ಟು ತಾನು ಯಾರೂ ಅಲ್ಲ ಎಂಬುದು ಮೆಟ್ಟಿಲಿಳಿಯುವಾಗ ಗೊತ್ತಾಗಿ ಅವನಿಗೆ ಅಳು ಬಂತು.

ಸಂಜೆ ಮೈದಾನದಲ್ಲಿ ವೇಷದೊಂದಿಗೆ ಕೊನೆಯ ಅಭ್ಯಾಸ. ಕುದುರೆಗಳಿಗೆ ಈ ಸಡಗರ ಹಿಡಿಸಿರಲಿಲ್ಲ. ರಾಜರ ಕಿರೀಟ ಬಿಸಿಲಿಗೆ ಹೊಳೆದರೆ ಒಂದು ಬೆಚ್ಚುತ್ತಿತ್ತು, ಒಂಟೆಯ ಡುಬ್ಬ ಅಲುಗಿದರೆ ಇನ್ನೊಂದು. ಸಾಹೇಬನಂತೂ ತನ್ನ ಬೆನ್ನ ಮೇಲೆ ಮೊರದಗಲ ಕಿವಿ, ಹತ್ತಿ ತುಂಬಿದ ಸೊಂಡಿಲು ಹೊತ್ತು ಕೂರಲು ಬಂದವನನ್ನು ತಿರುಗಿ ನೋಡಿ ಮೂಗಿನಲ್ಲೇ ಬೈದ. ಅವನು ಹತ್ತುವ ಮೊದಲು ಎಂದಿನಂತೆ ಸಾಲಿನುದ್ದಕ್ಕೂ ಹೋಗಿ ಪಟ್ಟಿ ನೋಡಿದ. ಆನೆಯೊಂದು ಬಂದು ಬಗ್ಗಿದರೂ ರಾಜರು ಮಂತ್ರಿಗಳು ಮಾತು ಬಿಡದೆ ಕಾಲೆತ್ತಿದರು. ಗಣಿತದ ಟೀಚರು ಮಾತ್ರ, "ನಂದು ನಾನೇ ನೋಡ್ಕೊಂಡೆ" ಎಂದರು. ಹನ್ನೆರಡು ದಿನದಿಂದಲೂ ಅವರು ಹೀಗೇ ಅನ್ನುತ್ತಿದ್ದರು. ಜೋಡಿಯವನೆಂದು ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡು ಅವನು ಒಳಗೊಳಗೇ ಹಿಗ್ಗಿದ್ದ.

ಇನ್ನೇನು ಹಾಡು ಹಚ್ಚಬೇಕು ಎನ್ನುವಾಗ ಅವನು ಸೊಂಡಿಲು ಪಕ್ಕಕ್ಕೆ ಸರಿಸಿಕೊಂಡು ಮಾಸ್ತರ ಬಳಿಗೆ ಹೋದ. "ಮಾಸ್ತರೇ, ನಾನು ನಾಳೆ ಬರೋದಿಲ್ಲ. ಲಾಯರು ಬಿದ್ದಿದ್ದು ನನ್ನಿಂದ. ಪಟ್ಟಿ ಸಡಿಲ ಇದ್ದಿದ್ದು ಗೊತ್ತಿದ್ದೂ ನಾನು ಬಿಗಿ ಮಾಡಲಿಲ್ಲ." ಹೇಳುತ್ತ ಹೇಳುತ್ತ ಧ್ವನಿ ಏರಿಬಿಟ್ಟಿತು. ಸಾಲಿನಲ್ಲಿ ಒಂದಿಬ್ಬರು ತಿರುಗಿ ನೋಡಿದರು.

"ಏನಯ್ಯಾ ಇದು ಹೊತ್ತಲ್ಲದ ಹೊತ್ತಲ್ಲಿ?" ಮಾಸ್ತರು ಸೀಟಿಯನ್ನು ಬಾಯಿಂದ ತೆಗೆಯದೆಯೇ ಗುಡುಗಿದರು. "ಸಾಹೇಬನ ಬುದ್ಧಿ ಗೊತ್ತಿದ್ದೂ ಹಾರಾಡಿದ್ದು ಆ ಲಾಯರು. ಸವಾರ ಅಂದಮೇಲೆ ತನ್ನ ಪಟ್ಟಿ ತಾನು ನೋಡ್ಕೋಬೇಕು. ನಾಳೆ ಎಂಟು ಜನ ಬೇಕು ನನಗೆ, ನಿನ್ನ ಹರಿಕಥೆ ಬೇಡ. ಹತ್ತು, ಹತ್ತು." ಬೇರೆ ದಿನವಾಗಿದ್ದರೆ, ನೀನು ಬೇಕು ಎನ್ನುವ ಅರ್ಥದ ಆ ಮಾತನ್ನು ಅವನು ಮಹಡಿಗೆ ಒಯ್ದು ವಾರಗಟ್ಟಲೆ ಮೆಲುಕು ಹಾಕುತ್ತಿದ್ದ. ಹತ್ತಿದ. ಹಾಡು ಶುರುವಾಯಿತು.

ಎಣಿಸುವ ಕೆಲಸ ಕೈಗೆ ಸಿಕ್ಕಿದ್ದರಿಂದ ಮನಸ್ಸು ಸ್ವಲ್ಪ ಹೊತ್ತು ಸುಮ್ಮನಾಯಿತು. ನಡಿಗೆಯೂ ಅಲ್ಲದ ಓಟವೂ ಅಲ್ಲದ ಆ ಕುಣಿಹೆಜ್ಜೆಯಲ್ಲಿ ಎಂಟೂ ಸವಾರರು ಇಬ್ಬಿಬ್ಬರಾಗಿ ನಡುಗೆರೆಗೆ ಬಂದು, ಎಡಬಲ ಒಡೆದು, ಮೂಲೆಯಿಂದ ಮೂಲೆಗೆ ಒಬ್ಬರ ಸಂದಿನಲ್ಲಿ ಒಬ್ಬರು ನುಸುಳಿ ಹೋದರು. ಒಂದು ತಿರುವೂ ತಪ್ಪಲಿಲ್ಲ. ತನ್ನ ಪಕ್ಕದಲ್ಲಿ ಟೀಚರ ಕುದುರೆಯ ಉಸಿರು, ಅವರು ತುಟಿಯಲ್ಲೇ ಎಣಿಸುವ ಸದ್ದು. ಇದಕ್ಕಾಗಿಯೇ ಅಲ್ಲವೇ ನಾಲ್ಕು ವರ್ಷ ಎನಿಸಿತು. ಇಷ್ಟೊಂದು ಸುಖ ಇದರಲ್ಲಿದೆ ಎಂದು ಹಗ್ಗದ ಆಚೆ ನಿಂತವನಿಗೆ ಗೊತ್ತೇ ಇರಲಿಲ್ಲ. ಹಾಗೆನಿಸಿದ ಮರುಕ್ಷಣವೇ ಲಾಯರ ಆ 'ಅಮ್ಮಾ' ನೆನಪಾಯಿತು.

ಆಮೇಲೆ ಚಕ್ರ. ಎಂಟು ಕುದುರೆಗಳು ಒಂದೇ ಸಾಲಾಗಿ ನಿಂತು, ನಾಲ್ಕು ಈಚೆಗೆ ನಾಲ್ಕು ಆಚೆಗೆ ಮುಖಮಾಡಿ, ನಡುವನ್ನು ಬಿಡದೆ ಸುತ್ತಬೇಕು. ತುದಿಯ ರಾಜರು ಓಡಬೇಕು. ನಡುವಿನ ಎರಡು ಆನೆಗಳು ನಿಂತಲ್ಲೇ ಹೆಜ್ಜೆ ಹಾಕುತ್ತ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಹದಿನಾರು ಎಣಿಸುವವರೆಗೆ ತಿರುಗಬೇಕು. ಲಾಯರು ಬಿದ್ದದ್ದು ಈ ಚಕ್ರ ಒಡೆದು ಹೊರಗೆ ಚಿಮ್ಮುವಾಗ. ಟೀಚರ ಮೊಣಕಾಲು ಅವನದಕ್ಕೆ ತಾಗಿತು. ದೊಡ್ಡ ಬಿಳಿ ಕಿವಿಗಳ ನಡುವೆ ಅವರ ಮುಖ ತೀರ ಚಿಕ್ಕದಾಗಿ, ಬೆವತು, ಒಂದು ಮೊಳದ ದೂರದಲ್ಲಿತ್ತು.

"ನೀವು ಮಾಸ್ತರಿಗೆ ಹೇಳಿದ್ದು ಕೇಳಿಸ್ತು" ಎಂದರು ಅವರು.

"ಅವರು ನಂಬಲಿಲ್ಲ ಟೀಚರ್. ಲಾಯರೂ ನಂಬಲಿಲ್ಲ."

"ನಾನು ನಂಬ್ತೀನಿ. ನೋಡಿದ್ದೆನಲ್ಲ."

ಸಾಹೇಬ ತನ್ನ ಪಾಡಿಗೆ ಹೆಜ್ಜೆ ಹಾಕುತ್ತಿದ್ದ.

"ಕೈ ಹಾಕಿದಿರಿ, ಎಳೆಯದೇ ಈಚೆ ತೆಗೆದಿರಿ. ನನ್ನ ಕಾಲ ಪಕ್ಕದಲ್ಲೇ ಇತ್ತಲ್ಲ ನಿಮ್ಮ ಕೈ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ನಗ್ತಾ ಇದ್ದೆ" ಎಂದರು ಟೀಚರು. "ಅವರು ನಿಮ್ಮನ್ನ ಆಡಿಕೊಂಡಿದ್ದಕ್ಕೆ ನಾನೂ ನಗ್ತಾ ಇದ್ದೆ. ನಗು ನಿಲ್ಲೋ ಹೊತ್ತಿಗೆ ಕುದುರೆ ಹೊರಟಾಗಿತ್ತು. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ? ನೀವು ಹೇಳ್ತೀರೋ ಇಲ್ವೋ ಅಂತ ದಿನಾ ಕಾಯ್ತಿದ್ದೆ. ಹನ್ನೊಂದು, ಹನ್ನೆರಡು."

ಇಷ್ಟು ವರ್ಷದಲ್ಲಿ ಒಬ್ಬರಾದರೂ ತನ್ನನ್ನು ಕಣ್ಣಿಟ್ಟು ನೋಡಿದ್ದರು. ಅವನು ಬೇಡಿಕೊಂಡದ್ದು ಅದನ್ನೇ, ಮಹಡಿಯ ಕಿಟಕಿಯಲ್ಲಿ ಕೂತು, ಹಗ್ಗದ ಆಚೆ ಕೋಟು ಹಿಡಿದು ನಿಂತು, ಒಬ್ಬರು, ಒಂದೇ ಒಂದು ಸಲ. ಅವರು ನೋಡಿದ್ದು ಅವನ ಕೈ ಆ ಪಟ್ಟಿಯಿಂದ ಹೊರಬಂದ ಗಳಿಗೆಯನ್ನು. ನೆಲ ಬಾಯಿಬಿಡಬಾರದೇ ಎನಿಸಿತು. ಜೊತೆಗೇ, ಎಂಥ ನಾಚಿಕೆಗೇಡು, ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರಾಯಿತು. ಅವರ ಮೊಣಕಾಲು ಇನ್ನೂ ತಾಗಿಕೊಂಡೇ ಇತ್ತು. ಅವರು ಅದನ್ನು ಸರಿಸಿಕೊಂಡಿರಲಿಲ್ಲ.

"ಹದಿನಾರು" ಎಂದರು ಟೀಚರು. ಚಕ್ರ ಒಡೆಯಿತು.

ಸಾಹೇಬ ಅವನನ್ನು ಹೊತ್ತು ಬಡಗಣ ಮೂಲೆಗೆ ಓಡಿದ. ಎದುರು ಮೂಲೆಯಲ್ಲಿ ಇನ್ನೊಂದು ಬಿಳಿ ಆನೆ ತಿರುಗುತ್ತಿತ್ತು. ಮೂಲೆಯ ಪಕ್ಕದಲ್ಲೇ ಗೇಟು ತೆರೆದಿತ್ತು, ಆಚೆ ಲಾಯಕ್ಕೆ ಹೋಗುವ ರಸ್ತೆ. ಲಗಾಮನ್ನು ಒಂದು ಗೇಣು ಸಡಿಲ ಬಿಟ್ಟಿದ್ದರೆ ಸಾಕು, ಕುದುರೆ ತಾನಾಗಿಯೇ ಲಾಯದ ಕಡೆ ಹೋಗುತ್ತಿತ್ತು. ಅವನು ಬಿಡಲಿಲ್ಲ. ಎಂಟು ಎಣಿಸಿ ತಿರುಗಿಸಿದ. ಮೈದಾನದ ನಡುವೆ ಇಬ್ಬರೂ ಕೂಡಿಕೊಂಡು ಪಕ್ಕಪಕ್ಕದಲ್ಲಿ ಸಾಗಬೇಕಾದ ಜಾಗಕ್ಕೆ ಅವರು ಬಂದರು, ಅವನೂ ಬಂದ. "ನಾಳೆ ಆದಮೇಲೆ ಲಾಯರ ಮನೆಗೆ ಹೋಗೋಣ" ಎಂದರು ಟೀಚರು, ಮುಂದೆಯೇ ನೋಡುತ್ತ. "ನಾನೂ ಬರ್ತೀನಿ. ಇಬ್ಬರು ಹೇಳಿದ್ರೆ ನಂಬಲೇಬೇಕು." ಅವನು ಹೂಂ ಎಂದ. ನಾಳೆ ಆದಮೇಲೆ ತನಗೆ ಈ ಮೈದಾನವಿಲ್ಲ, ಈ ಕುದುರೆಗಳಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಆದರೂ ಹಾಡು ಇನ್ನೂ ಮುಗಿದಿರಲಿಲ್ಲ, ಜೋಡಿ ತಪ್ಪಬಾರದೆಂದು ಅವನು ಸಾಹೇಬನನ್ನು ಅವರ ಹೆಜ್ಜೆಗೆ ಸರಿಯಾಗಿ ಹಿಡಿದ.